ಬೋರವ್ವ ಬೇಡಿಕೊಂಡ ಸೀಟು

ಘೋಣಸಗಿಯ ಬೋರವ್ವ ಮಾತು ಬಾರದೆ ನಿಂತದ್ದನ್ನು ಊರವರು ಯಾರೂ ಕಂಡವರಲ್ಲ. ಸಾರವಾಡದಿಂದ ಮದುವೆಯಾಗಿ ಬಂದವಳು. ಗಂಡ ತೀರಿಕೊಂಡ ಮೇಲೆ ಎರಡು ಎಮ್ಮೆ, ನಾಲ್ಕು ಆಡು ಕಟ್ಟಿಕೊಂಡು ಒಬ್ಬನೇ ಮಗನನ್ನು ದೊಡ್ಡವನನ್ನಾಗಿ ಮಾಡಿದವಳು. ಬಾಯಿ ಬಿಡಬೇಕಾದ ಕಡೆ ಬಿಡುವುದು, ಬಿಡಬಾರದ ಕಡೆ ಇನ್ನೂ ಸ್ವಲ್ಪ ಜೋರಾಗಿ ಬಿಡುವುದು ಆಕೆಯ ರೀತಿ. ಬಸ್ಸು ನಿಲ್ಲಿಸದೆ ಹೋದ ಡ್ರೈವರನನ್ನು ಮರುದಿನ ಅದೇ ಹೊತ್ತಿಗೆ ರಸ್ತೆಯ ನಡುವೆ ನಿಂತು ತಡೆದು, ಬುದ್ಧಿ ಹೇಳಿ ಕಳಿಸಿದ್ದಳು. ಅಂಥ ಬೋರವ್ವ ಹೋದ ವರ್ಷ ಒಂದು ಶನಿವಾರ, ವಿಜಯಪುರದ ಹೆಣ್ಣುಮಕ್ಕಳ ಕಾಲೇಜೊಂದರ ಆಫೀಸಿನ ಕಿಟಕಿಯ ಮುಂದೆ ಬಾಯಿ ಒಣಗಿ ನಿಂತುಬಿಟ್ಟಳು. ಆಕೆಗೆ ಮತ್ತೆ ನೆಟ್ಟಗೆ ಉಸಿರಾಡಲು ಸೋಮವಾರ ಬರಬೇಕಾಯಿತು.

ಆ ಕಿಟಕಿಗೆ ಆಕೆ ಹೋದದ್ದು ತನ್ನ ಮನೆಯ ಕೆಲಸಕ್ಕಲ್ಲ, ರಾಜಬಿಯ ಮೊಮ್ಮಗಳ ಕೆಲಸಕ್ಕೆ. ರಾಜಬಿ ಟಿಕೋಟಾದಲ್ಲಿ ಗಾದಿ ಹೊಲಿಯುವ ಬುಡ್ಡೇಸಾಬನ ಹೆಂಡತಿ. ಬೋರವ್ವ ಹರೆಯದಲ್ಲಿ ಮೊಸರಿನ ಗಡಿಗೆ ಹೊತ್ತು ಟಿಕೋಟಾಕ್ಕೆ ಹೋಗುತ್ತಿದ್ದಾಗ ದಣಿವಾರಿಸಿಕೊಳ್ಳಲು ಕೂರುತ್ತಿದ್ದದ್ದು ಅವರ ಮನೆಯ ಕಟ್ಟೆಯ ಮೇಲೆ. ಮೊದಲು ನೀರು, ಆಮೇಲೆ ಚಹಾ, ಆಮೇಲೆ ಗಂಡಂದಿರ ಮೇಲಿನ ದೂರು. ಹೀಗೆ ಗೆಳೆತನ ಬೆಳೆಯಿತು. ಗಡಿಗೆ ಹೋಗಿ ಕ್ಯಾನು ಬಂದರೂ, ಕ್ಯಾನು ಹೋಗಿ ಮೊಸರು ಮಾರುವುದೇ ನಿಂತರೂ ಕಟ್ಟೆಯ ಮೇಲೆ ಕೂರುವುದು ನಿಲ್ಲಲಿಲ್ಲ.

ಇಬ್ಬರ ನಡುವೆ ಒಂದು ವಿಚಿತ್ರ ಪದ್ಧತಿಯಿತ್ತು. ತನ್ನ ಮನೆಗೆ ಬೇಕಾದದ್ದನ್ನು ತಾನೇ ಬೇಡಿದರೆ ಆಸೆಬುರುಕತನ, ಗೆಳತಿಯ ಬಾಯಿಂದ ಹೋದರೆ ದೇವರು ಕಿವಿಗೊಡುತ್ತಾನೆ ಎಂದು ಇಬ್ಬರೂ ನಂಬಿದ್ದರು. ಬೋರವ್ವನ ಮಗ ಶಂಕರೆಪ್ಪ ಹುಟ್ಟುವ ಮೊದಲು ಆಕೆಯ ಪರವಾಗಿ ದುರ್ಗವ್ವನ ಗುಡಿಯಲ್ಲಿ ಬೇಡಿಕೊಂಡವಳು ರಾಜಬಿ. ರಾಜಬಿಯ ಮಗ ಅಯೂಬನಿಗೆ ಬಸ್ ಕಂಡಕ್ಟರ್ ನೌಕರಿ ಸಿಗಲೆಂದು ಬಬಲೇಶ್ವರದ ಕಡೆಯ ದರ್ಗಾದಲ್ಲಿ ದಾರ ಕಟ್ಟಿದವಳು ಬೋರವ್ವ. ಎರಡೂ ಕೈಗೂಡಿದ್ದವು. ಹಾಗಾಗಿ ಇವರ ನಂಬಿಕೆಯನ್ನು ಅಲ್ಲಾಡಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಅಯೂಬನ ಮಗಳು ತರನ್ನುಮ, ಶಂಕರೆಪ್ಪನ ಮಗಳು ಗೀತಾಂಜಲಿ. ಇಬ್ಬರೂ ಒಂದೇ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ ಪಿಯುಸಿ ಓದಿದವರು. ಇಬ್ಬರಿಗೂ ಒಳ್ಳೆಯ ಅಂಕ ಬಂದವು. ಪುಣೆಯಲ್ಲಿ ಸೋದರಮಾವನಿದ್ದಾನೆಂದು ತರನ್ನುಮ ಅಲ್ಲಿ ಬಿ.ಎಸ್ಸಿ.ಗೆ ಸೇರಿದಳು. ಗೀತಾಂಜಲಿ ವಿಜಯಪುರದಲ್ಲೇ ಸೇರಿದಳು. ಪುಣೆಗೆ ಹೊರಟ ಹುಡುಗಿಯನ್ನು ಬಸ್ಸಿಗೆ ಹತ್ತಿಸಲು ಎರಡೂ ಮನೆಯವರು ಹೋಗಿದ್ದರು. ವಿಜಯಪುರದ ಬಸ್ಸಿಗೆ ದಿನಾ ಹೋಗುವ ಹುಡುಗಿಯನ್ನು ಹತ್ತಿಸಲು ಯಾರು ಹೋಗುತ್ತಾರೆ?

ತರನ್ನುಮಳ ಮೊದಲ ವರ್ಷ ಹದಗೆಟ್ಟಿತು. ಪಾಠ ಇಂಗ್ಲಿಷಿನಲ್ಲಿ, ಗೆಳತಿಯರ ಹರಟೆ ಮರಾಠಿಯಲ್ಲಿ, ಕನಸು ಮಾತ್ರ ಟಿಕೋಟಾದಲ್ಲಿ. ಗಣಿತ, ರಸಾಯನಶಾಸ್ತ್ರ, ಇಂಗ್ಲಿಷ್, ಮೂರರಲ್ಲೂ ಹೋಯಿತು. ಊರಿಗೆ ಬಂದವಳು ರಾಜಬಿಯ ತೊಡೆಯ ಮೇಲೆ ತಲೆಯಿಟ್ಟು, ಮತ್ತೆ ಪುಣೆಗೆ ಕಳಿಸಬೇಡಿ, ಇಲ್ಲೇ ಓದುತ್ತೇನೆ ಎಂದು ಅತ್ತಳು. ಅಯೂಬ ಒಳ್ಳೆಯವನೇ, ಆದರೆ ಹಟಮಾರಿ. ಎರಡನೇ ವರ್ಷಕ್ಕೆ ಇಲ್ಲಿ ಸೇರಿಸಿಕೊಂಡರೆ ಓದಲಿ, ವರ್ಷ ಹಾಳಾಗುವುದಾದರೆ ಓದು ಸಾಕು, ಮನೆಯಲ್ಲಿರಲಿ ಎಂದುಬಿಟ್ಟ. ಅಲ್ಲಿಂದ ಎರಡೂ ಮನೆಗಳಿಗೆ ಒಂದೇ ಚಿಂತೆ ಹತ್ತಿತು.

ಗೀತಾಂಜಲಿ ಓದುತ್ತಿದ್ದ ಕಾಲೇಜಿನ ಆಫೀಸಿನಲ್ಲಿ ಅಜಿತ ಎಂಬ ಗುಮಾಸ್ತನಿದ್ದ. ಮುಖ ಗಂಟು ಹಾಕಿಕೊಂಡೇ ಉಪಕಾರ ಮಾಡುವ ಜಾತಿಯ ಮನುಷ್ಯ. ಬೇರೆ ರಾಜ್ಯದಿಂದ ಬರುವವರಿಗೆ ಅಲ್ಲಿನ ವಿಶ್ವವಿದ್ಯಾಲಯದ ಒಪ್ಪಿಗೆ ಬೇಕು, ಇಲ್ಲಿನದ್ದೂ ಬೇಕು, ನಪಾಸಾದ ವಿಷಯಗಳನ್ನು ಮತ್ತೆ ಬರೆಯಬೇಕು ಎಂದೆಲ್ಲ ಅವನು ವಿವರಿಸಿದ.

"ಇಷ್ಟೆಲ್ಲ ಮಾಡಿದ್ರೂ ಎರಡನೇ ವರ್ಷದಾಗ ಜಾಗಾ ಇಲ್ರಿ," ಎಂದ. "ಯಾರರೆ ಬಿಟ್ಟು ಹೋಗಿ ಸೀಟು ಖಾಲಿ ಆದ್ರ ಇಕಿನ್ನ ತಗೋಬಹುದು. ಇಲ್ಲಂದ್ರ ಮೊದಲನೇ ವರ್ಷಕ್ಕ ಹೊಸದಾಗಿ ಕೂಡ್ರಬೇಕು."

ಮುಂದಿನ ಗುರುವಾರ ಬೋರವ್ವ ರಾಜಬಿಯನ್ನು ಕರೆದುಕೊಂಡು ದರ್ಗಾಕ್ಕೆ ಹೊರಟಳು. ಎಮ್ಮೆ ಹಿಂಡುವುದನ್ನು ಗೀತಾಂಜಲಿಗೆ ಹೇಳಿ, ಅವಳ ಉತ್ತರಕ್ಕೂ ಕಾಯದೆ ಬಸ್ಸು ಹಿಡಿದಳು. ಹೊರಡುವಾಗ ಶಂಕರೆಪ್ಪ ಬಾಗಿಲಿಗೆ ಬಂದಿದ್ದ.

"ಯವ್ವಾ, ಬಬಲೇಶ್ವರದ ಕಡೆ ಹೊಂಟೀದಿ ಅಂದ್ರ ಜೈನಾಪುರದಾಗ ಒಂದ ಮನಿ ನೋಡಿ ಬಾ. ಗೀತಾನ್ನ ಕೇಳಾಕತ್ತಾರ. ಹುಡುಗಗ ಸ್ವಂತ ಟ್ರ್ಯಾಕ್ಟರ್ ಐತಿ."

"ನೋಡಾಕೇನ, ನೋಡಿ ಬರ್ತೀನಿ," ಎಂದಿದ್ದಳು ಬೋರವ್ವ. ನೋಡುವುದಕ್ಕೆ ತೆರಿಗೆಯೇನೂ ಇಲ್ಲವಲ್ಲ. ಹೆಣ್ಣು ಓದುತ್ತಿರುವ ಮನೆಗೆ ಇಂಥ ಮಾತುಗಳು ಬರುತ್ತಿರುತ್ತವೆ, ಹೋಗುತ್ತಿರುತ್ತವೆ.

ದರ್ಗಾದಲ್ಲಿ ಬೋರವ್ವ ತಲೆ ತುಂಬ ಸೆರಗು ಹೊದ್ದು, ಜಾಲಂಧ್ರಕ್ಕೆ ದಾರ ಕಟ್ಟಿ, ಪಕ್ಕದವರಿಗೂ ಕೇಳಿಸುವ ಹಾಗೆ ಬೇಡಿಕೊಂಡಳು. "ನಮ್ಮ ತರನ್ನುಮಗ ಒಂದ ಸೀಟು ಖಾಲಿ ಆಗಲಿ ನಮ್ಮಪ್ಪಾ. ಯಾರದರ ಒಂದು." ವಾಪಸು ಬರುವಾಗ ಇಬ್ಬರೂ ಜೈನಾಪುರದಲ್ಲಿ ಇಳಿದು, ಆ ಮನೆಯಲ್ಲಿ ಉಪ್ಪಿಟ್ಟು ತಿಂದು, ಚಹಾ ಕುಡಿದು, ಹುಡುಗನ ತಾಯಿಯ ಗುಣಕ್ಕೂ ದನದ ಕೊಟ್ಟಿಗೆಯ ಸ್ವಚ್ಛತೆಗೂ ಮೆಚ್ಚಿ ಬಂದರು. ಮನೆಗೆ ಬಂದು "ಛಲೋ ಮಂದಿ" ಎಂದಷ್ಟೇ ಹೇಳಿ ಬೋರವ್ವ ಆ ಮಾತನ್ನು ಮರೆತಳು. ಮರುದಿನ ಮತ್ತೆ ಟಿಕೋಟಾಕ್ಕೆ ಹೋಗುವುದಿತ್ತು. ಪುಣೆಯಿಂದ ಬರಬೇಕಾದ ಕಾಗದ ಬಂದಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಅಜಿತ ರಾಜಬಿಯ ಮನೆಗೆ ಫೋನು ಮಾಡಿ, ಒಂದು ಸೀಟು ಖಾಲಿಯಾಗುವ ಹಾಗಿದೆ, ಬೇಗ ಬನ್ನಿ ಎಂದ. ಶನಿವಾರ ತರನ್ನುಮಳ ಜೊತೆಗೆ ಇಬ್ಬರು ಮುದುಕಿಯರೂ ಹೊರಟರು. ಮೊಣಕಾಲು ನೋವಿನ ರಾಜಬಿ ಗೇಟಿನ ಬಳಿ ಬೇವಿನ ನೆರಳಲ್ಲಿ ಕೂತಳು. ತರನ್ನುಮ ಝೆರಾಕ್ಸ್ ಮಾಡಿಸಲು ಓಡಿದಳು. ಪಾಳಿ ಹಿಡಿದು ಕಿಟಕಿಗೆ ನಿಂತವಳು ಬೋರವ್ವ.

"ಯಾರ ಮಕ್ಕಳೋ ಏನೋ, ನಮಗ ಉಪಕಾರ ಮಾಡಿದ್ರು," ಎಂದಳು ಅಜಿತನಿಗೆ. "ಯಾರ್ರಿ ಬಿಟ್ಟಾಕಿ? ಅಕಿ ಹೆಸರು ಹೇಳ್ರಿ, ಅಕೀಗೂ ಛಲೋ ಆಗಲಿ ಅಂತ ಬೇಡ್ಕೋತೀನಿ."

ಅಜಿತ ತಲೆಯೆತ್ತದೆಯೇ ಹೇಳಿದ. "ನಿಮ್ಮ ಕಡೇದಾಕೀನ ಆಯಿ. ಘೋಣಸಗಿ. ಗೀತಾಂಜಲಿ ಶಂಕರೆಪ್ಪ ಅಂತ. ಲಗ್ನ ಐತಿ, ಸಾಲಿ ಬಿಡಸ್ತೀನಿ ಅಂತ ಅವರಪ್ಪ ಬಂದು ಅರ್ಜಿ ಕೊಟ್ಟು ಹೋದ. ಸೋಮವಾರ ಪ್ರಿನ್ಸಿಪಾಲ್ ಮೇಡಮ್ಮರ ಸಹಿ ಆದ್ರ ಮುಗೀತು."

ಬೋರವ್ವನಿಗೆ ಮೊದಲು ಅರ್ಥವೇ ಆಗಲಿಲ್ಲ. ಘೋಣಸಗಿಯಲ್ಲಿ ಇನ್ನೊಬ್ಬ ಶಂಕರೆಪ್ಪ ಇದ್ದಾನೆಯೇ ಎಂದು ಓಣಿ ಓಣಿ ನೆನೆಸಿಕೊಂಡಳು. ಇದ್ದ, ಆದರೆ ಅವನಿಗೆ ಮಕ್ಕಳಿರಲಿಲ್ಲ. ಕಿಟಕಿಯ ಸರಳನ್ನು ಹಿಡಿದುಕೊಂಡಳು. ಹಿಂದೆ ನಿಂತ ಯಾರೋ "ಸರೀರಿ ಆಯಿ" ಎಂದರು. ಆಕೆ ಸರಿಯಲಿಲ್ಲ. ದಾರ ಕಟ್ಟಿದ ಕೈ ಅದೇ, ಯಾರದರ ಒಂದು ಎಂದ ಬಾಯಿ ಅದೇ. ತನ್ನ ಮನೆಯ ಹುಡುಗಿಯ ಕಾಲೇಜನ್ನು ತಾನೇ ಬೇಡಿ ತೆಗೆಸಿದಂತಾಯಿತು.

ತರನ್ನುಮ ಓಡಿ ಬಂದಳು. ಅಜಿತ ಕಾಗದಗಳನ್ನು ತಿರುವಿ ನೋಡಿ, ಒಂದು ಝೆರಾಕ್ಸಿಗೆ ದೃಢೀಕರಣದ ಶಿಕ್ಕಾ ಬಿದ್ದಿಲ್ಲ, ಊರಿನ ಯಾರಾದರೂ ಅಧಿಕಾರಿಯಿಂದ ಹಾಕಿಸಿಕೊಂಡು ಸೋಮವಾರ ಬನ್ನಿ, ಸೀಟು ನಿಮಗೇ ಎಂದ. ಹುಡುಗಿ ಕುಣಿಯುತ್ತ ರಾಜಬಿಯ ಕಡೆ ಹೋದಳು. ರಾಜಬಿ ಬೋರವ್ವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಬೋರವ್ವನ ಕೈಗಳು ತಣ್ಣಗಿದ್ದವು. ಬಿಸಿಲಿಗೆ ತಲೆ ಸುತ್ತಿರಬೇಕು ಎಂದು ರಾಜಬಿ ಸೋಡಾ ಕುಡಿಸಿದಳು.

ಸಂಜೆ ಮನೆ ಮುಟ್ಟಿದಾಗ ಶಂಕರೆಪ್ಪ ಎಮ್ಮೆಗೆ ಕಣಿಕೆ ಹಾಕುತ್ತಿದ್ದ. ಅವನ ಹೆಂಡತಿ ಗುರುಬಸವ್ವ ಒಲೆಯ ಮುಂದಿದ್ದಳು. ಗೀತಾಂಜಲಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬೋರವ್ವ ಚಪ್ಪಲಿಯನ್ನೂ ಬಿಡದೆ ಕೇಳಿದಳು.

"ಹುಡುಗೀನ ಕಾಲೇಜು ಬಿಡಿಸೀ ಅಂತಲ್ಲ, ಖರೇನೋ?"

"ಖರೇನ ಬೇ. ಜೈನಾಪುರದವರು ದಸರಾದೊಳಗ ಲಗ್ನ ಅಂದಾರ."

"ಯಾರನ್ನ ಕೇಳಿ ಹೂಂ ಅಂದಿ?"

ಶಂಕರೆಪ್ಪ ಕಣಿಕೆ ಕೆಳಗಿಟ್ಟು ಅವ್ವನ ಮುಖ ನೋಡಿದ. ಅವನ ಮುಖದಲ್ಲಿದ್ದದ್ದು ಸಿಟ್ಟಲ್ಲ, ನಿಜವಾದ ಆಶ್ಚರ್ಯ. "ನಿನ್ನ ಕೇಳೇ ಅಂದೆ. ನೀನ ಹೋಗಿ ನೋಡಿ, ಛಲೋ ಮಂದಿ ಅಂದಿ. ನೀ ಒಪ್ಪೀ ಅಂತ ನಾ ಮಾತು ಕೊಟ್ಟೆ."

ಬೋರವ್ವ ಅಲ್ಲೇ ಕಂಬಕ್ಕೆ ಒರಗಿದಳು. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ಓದಾಕತ್ತ ಹುಡುಗಿ ಅದು, ಶಂಕ್ರೂ."

"ಏನ ಓದ್ಯಾಳ ಬೇ? ಗಣಿತ, ಇಂಗ್ಲಿಷು, ಎರಡರಾಗೂ ಹೋಗೈತಿ. ಮಾಸ್ತರು ಹೇಳೂದು ತಿಳೀವಲ್ತು ಅಂತ ತಾನ ಅಂದ್ಲು. ಮತ್ತ್ಯಾಕ ಸುಮ್ನ ಬಸ್ಸಿಗೆ ಅಡ್ಡ್ಯಾಡೂದು?"

ಗೀತಾಂಜಲಿ ನಪಾಸು. ಆ ಮಾತು ಬೋರವ್ವನ ಕಿವಿಯಲ್ಲಿ ಹೋಗಿ ನಿಂತಿತು. ರಿಸಲ್ಟ್ ಬಂದ ದಿನ ತಾನು ಎಲ್ಲಿದ್ದೆ ಎಂದು ನೆನೆಸಿಕೊಳ್ಳಲು ನೋಡಿದಳು. ಟಿಕೋಟಾದಲ್ಲಿದ್ದಳು. ತರನ್ನುಮ ಎರಡು ದಿನದಿಂದ ಉಂಡಿಲ್ಲವೆಂದು ಅವಳಿಗೆ ಇಷ್ಟವಾದ ಶೇಂಗಾ ಹೋಳಿಗೆ ಮಾಡಿಕೊಂಡು ಹೋಗಿದ್ದಳು. ಶೇಂಗಾ ಹುರಿದು, ಪುಡಿ ಮಾಡಿ ಕೊಟ್ಟವಳು ಗೀತಾಂಜಲಿ.

"ನನಗ್ಯಾಕ ಹೇಳಲಿಲ್ಲವ್ವಾ?" ಎಂದು ಮೊಮ್ಮಗಳತ್ತ ತಿರುಗಿದಳು.

ಹುಡುಗಿ ಅಳಲಿಲ್ಲ. ಮೊರದಲ್ಲಿದ್ದ ಹರಳನ್ನು ಹೆಕ್ಕಿ ಬದಿಗೆ ಹಾಕುತ್ತ, ಬೇರೆಯವರ ಮನೆಯ ಸುದ್ದಿ ಹೇಳಿದಷ್ಟು ತಣ್ಣಗೆ ಹೇಳಿದಳು. "ತರನ್ನುಮ ನಪಾಸಾದ್ಲಂತ ಅಕಿ ಕಾಲೇಜು ಬದಲಿ ಮಾಡಾಕ ಎರಡ ಮನಿ ಮಂದಿ ಓಡ್ಯಾಡಿದ್ರಿ, ಆಯಿ. ನಾ ನಪಾಸಾದ್ರ ನನ್ನ ಮನೀನ ಬದಲಿ ಮಾಡಾಕತ್ತೀರಿ."

ಒಲೆಯ ಮುಂದೆ ಗುರುಬಸವ್ವನ ಕೈ ನಿಂತಿತು. ರೊಟ್ಟಿ ಕರಕಾದ ವಾಸನೆ ಮನೆ ತುಂಬಿತು, ಯಾರೂ ಎದ್ದು ತೆಗೆಯಲಿಲ್ಲ. ಬೋರವ್ವನಿಗೆ ಕೂಗಾಡಬೇಕೆನಿಸಿತು, ಆದರೆ ಯಾರ ಮೇಲೆ ಕೂಗಾಡುವುದೆಂದು ತಿಳಿಯಲಿಲ್ಲ. ಮಗನ ಮೇಲೆ ಕೂಗಿದರೆ, ನೀನೇ ಒಪ್ಪಿದ್ದು ಅನ್ನುತ್ತಾನೆ. ಸೊಸೆಯ ಮೇಲೆ ಕೂಗಿದರೆ, ಆಕೆ ಯಾವತ್ತೂ ಬಾಯಿ ಬಿಟ್ಟವಳೇ ಅಲ್ಲ; ಬಿಡಲು ಅತ್ತೆ ಜಾಗ ಕೊಟ್ಟವಳೂ ಅಲ್ಲ. ಆ ಸಂಜೆ ಬೋರವ್ವ ಊಟ ಮಾಡಲಿಲ್ಲ. ಮೊಮ್ಮಗಳ ಪಕ್ಕದಲ್ಲಿ ಕೂತು, "ನಿನಗ ಓದೂ ಮನಸೈತೇನ?" ಎಂದು ಮಾತ್ರ ಕೇಳಿದಳು. ಗೀತಾಂಜಲಿ "ಐತಿ. ತಿಳೀವಲ್ತು ಅಂದಿದ್ದೆ, ಬ್ಯಾಡ ಅಂದಿರಲಿಲ್ಲ," ಎಂದಳು.

ಭಾನುವಾರ ಬೋರವ್ವ ಯಾರಿಗೂ ಹೇಳದೆ ಬಸ್ಸು ಹತ್ತಿದಳು. ವಿಜಯಪುರ, ಅಲ್ಲಿಂದ ಬಬಲೇಶ್ವರ, ಅಲ್ಲಿಂದ ಟಂಟಂ ರಿಕ್ಷಾ ಹಿಡಿದು ಜೈನಾಪುರ. ದಾರಿಯಲ್ಲಿ ತವರೂರು ಸಾರವಾಡ ಬಂತು, ಹೋಯಿತು. ಆಕೆ ಕಿಟಕಿಯ ಹೊರಗೆ ನೋಡಲಿಲ್ಲ. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬೀಗರ ಮನೆಗೆ ಹೋಗುವುದೆಂದರೆ ಎಂಥ ಕೆಲಸ ಎಂದು ಗೊತ್ತಿದ್ದವರಿಗೇ ಗೊತ್ತು. ಆಕೆ ಮನಸ್ಸಿನಲ್ಲೇ ಒಂದು ಉಪಾಯ ಹೊಸೆದಿದ್ದಳು. ಹುಡುಗಿ ಕಾಲೇಜಿನಲ್ಲಿ ಬಹಳ ಮುಂದಿದ್ದಾಳೆ, ಮಾಸ್ತರರು ಬಿಡಲೊಲ್ಲರು ಎಂದು ಹೇಳಿ, ಅವರ ಮರ್ಯಾದೆಯನ್ನೂ ಉಳಿಸಿ, ತನ್ನದನ್ನೂ ಉಳಿಸಿಕೊಂಡು ಬರುವುದು.

ಹುಡುಗನ ತಾಯಿ ನೀರು ಕೊಟ್ಟು ಕೂರಿಸಿದಳು. ಹುಡುಗಿ ಓದಿನಲ್ಲಿ ಬಹಳ ಮುಂದೆ ಎಂದು ಬೋರವ್ವ ಶುರುಮಾಡುತ್ತಿದ್ದಂತೆಯೇ ಆಕೆ ತಡೆದಳು.

"ಯಾಕ್ರೀ ಬೋರವ್ವಾರ, ಹುಡುಗಿ ನಪಾಸಾಗ್ಯಾಳ ಅಂತ ನಿಮ್ಮ ಮಗಾನ ಮೊದಲ ದಿನ ಹೇಳ್ಯಾರ. ಖರೇ ಮಾತಾಡೂ ಮಂದಿ ಅಂತ ನಾವು ಒಪ್ಪಿದ್ವಿ. ಆ ದಿನ ನೀವು ಬಂದಾಗೂ ನಮಗ ಗೊತ್ತಿತ್ತು." ಆಮೇಲೆ ಮೆಲ್ಲಗೆ ಕೇಳಿದಳು. "ಮನೀ ಹಿರೇರು ನೀವು. ನಿಮಗ ಗೊತ್ತಿರಲಿಲ್ಲೇನ್ರಿ?"

ಬೋರವ್ವನ ಕೈಯಲ್ಲಿ ನೀರಿನ ತಂಬಿಗೆ ಹಾಗೇ ಉಳಿಯಿತು. ಬಬಲೇಶ್ವರದ ಆಚೆಯ ಊರಿನಲ್ಲಿ, ಒಮ್ಮೆ ಮಾತ್ರ ಕಂಡ ಹೆಂಗಸಿಗೆ ಗೊತ್ತಿದ್ದ ಸಂಗತಿ. ಒಂದೇ ಮಾಡಿನ ಕೆಳಗೆ, ಮೊಮ್ಮಗಳ ಪಕ್ಕದಲ್ಲೇ ಹಾಸಿಗೆ ಹಾಸಿಕೊಳ್ಳುವ ತನಗೆ ಗೊತ್ತಿರಲಿಲ್ಲ. ಶನಿವಾರ ಕಿಟಕಿಯ ಮುಂದೆ ಆದದ್ದು ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ನಾಚಿಕೆ ಮೈಯೆಲ್ಲ ಸುಟ್ಟಿತು. ಹೊಸೆದ ಉಪಾಯ ಎಲ್ಲಿ ಹೋಯಿತೋ, ಬಾಯಿಂದ ಬಂದದ್ದು ನಿಜ ಮಾತ್ರ.

"ಗೊತ್ತಿರಲಿಲ್ರಿ. ನಾ ಹುಡುಗೀನ ಕೇಳದ ಒಪ್ಪೀನಿ. ಹುಡುಗೀಗೆ ಓದೂ ಆಸೆ ಐತಿ. ನಿಮ್ಮ ಕಡೆ ತಪ್ಪಿಲ್ಲ, ತಪ್ಪು ನಂದು. ಮಾತು ವಾಪಸ ಕೊಡ್ರಿ."

ಹುಡುಗನ ತಾಯಿಗೆ ಸಿಟ್ಟು ಬಂತು, ಬರಬೇಕಾದದ್ದೇ. ಊರಿಗೆಲ್ಲ ಹೇಳಿಕೊಂಡಿದ್ದೇವೆ, ಈಗ ಯಾವ ಮುಖ ಇಟ್ಟುಕೊಂಡು ಓಡಾಡುವುದು ಎಂದಳು. ಬೋರವ್ವ ಒಂದಕ್ಕೂ ಎದುರಾಡದೆ ಎಲ್ಲವನ್ನೂ ಕೇಳಿಸಿಕೊಂಡಳು. ಹೊರಡುವಾಗ ಆ ಮನೆಯವರು ಯಾರೂ ಬಾಗಿಲ ತನಕ ಬರಲಿಲ್ಲ.

ಮನೆಗೆ ಬಂದು ಮಗನಿಗೆ ಸುದ್ದಿ ಹೇಳಿದಾಗ ಶಂಕರೆಪ್ಪ ಎದುರಿಗಿದ್ದ ತಾಟನ್ನು ಸರಿಸಿ ಎದ್ದುಹೋದ. ಬೆಳಗಾಗುವ ಹೊತ್ತಿಗೆ ಮೋಟಾರ್ ಸೈಕಲ್ ಒರೆಸುತ್ತಿದ್ದ. ಮನಸ್ಸು ಕರಗಿತೋ, ಇಲ್ಲ ಮದುವೆ ಮುರಿದ ಹುಡುಗಿಯನ್ನು ಮನೆಯಲ್ಲಿ ಕೂರಿಸಿಕೊಂಡರೆ ಊರ ಬಾಯಿಗೆ ಬೀಳಬೇಕಾದೀತೆಂಬ ಭಯವೋ, ಯಾರು ಬಲ್ಲರು. ಅಂತೂ ಮಗಳನ್ನು ಹಿಂದೆ ಕೂರಿಸಿಕೊಂಡು ವಿಜಯಪುರಕ್ಕೆ ಹೊರಟ. ಬೋರವ್ವ ಬಸ್ಸಿನಲ್ಲಿ ಹೋದಳು.

ಆಫೀಸಿನಲ್ಲಿ ಅಜಿತ ರೇಗಿದ. "ಇದೇನು ಸಂತೀ ವ್ಯಾಪಾರ ಏನ್ರಿ? ಒಂದ ದಿನ ಬಿಡಸ್ತೀರಿ, ಒಂದ ದಿನ ಕೂಡಸ್ತೀರಿ." ರೇಗುತ್ತಲೇ ಮೇಡಮ್ಮರ ಕೋಣೆಗೆ ಹೋಗಿ, ಇನ್ನೂ ಸಹಿಯಾಗದ ಅರ್ಜಿಯನ್ನು ತಂದು ಶಂಕರೆಪ್ಪನ ಕೈಗೆ ಕೊಟ್ಟ. ಗೀತಾಂಜಲಿ ತರಗತಿಯ ಕಡೆ ಹೋದಳು. ಅವಳ ನಡಿಗೆ ಚುರುಕಾಗಿದ್ದದ್ದನ್ನು ಬೋರವ್ವ ನೋಡಿದಳು. ಆ ವೇಳೆಗೆ ಗೇಟಿನ ಹೊರಗೆ ಟಿಕೋಟಾದ ಬಸ್ಸು ನಿಂತಿತು.

ತಪ್ಪಿಸಿಕೊಂಡು ಹೋಗಬಹುದಿತ್ತು. ಗುಮಾಸ್ತನೇ ಹೇಳಿಕೊಳ್ಳಲಿ ಎಂದು ಬಿಡಬಹುದಿತ್ತು. ಬೋರವ್ವ ಹೋಗಿ ಗೇಟಿನಲ್ಲೇ ನಿಂತಳು. ರಾಜಬಿ ಮೊಮ್ಮಗಳ ತೋಳು ಹಿಡಿದು ಇಳಿದಳು. ತರನ್ನುಮ ಹೊಸ ಚೂಡಿದಾರ ಹಾಕಿಕೊಂಡಿದ್ದಳು; ಶಿಕ್ಕಾ ಬಿದ್ದ ಕಾಗದವನ್ನು ದೂರದಿಂದಲೇ ಎತ್ತಿ ತೋರಿಸಿದಳು. ಬೋರವ್ವ ಸುತ್ತಿ ಬಳಸಲಿಲ್ಲ. ಖಾಲಿಯಾದ ಸೀಟು ಯಾರದೆಂದು ಹೇಳಿದಳು, ಅದು ಈಗ ಖಾಲಿಯಿಲ್ಲವೆಂದೂ ಹೇಳಿದಳು.

ತರನ್ನುಮಳ ಕೈ ಕೆಳಗಿಳಿಯಿತು. ರಾಜಬಿ ಬೈಯುತ್ತಾಳೆ, ಬೈಯಲಿ ಎಂದು ಬೋರವ್ವ ತಲೆ ತಗ್ಗಿಸಿದಳು.

"ಗೀತಾನೂ ನಪಾಸಾಗಿದ್ಲೇನ?" ಎಂದಳು ರಾಜಬಿ. "ನಮ್ಮ ಕಟ್ಟೀ ಮ್ಯಾಲ ದಿನಾ ಕುಂತು ಎದ್ದು ಹೋದಿ. ನನಗ ಒಂದ ಮಾತು ಯಾಕ ಹೇಳಲಿಲ್ಲ ನೀ?"

"ನನಗ ಗೊತ್ತಿರಲಿಲ್ಲ ರಾಜಬಿ. ನಾ ಕೇಳಿರಲೇ ಇಲ್ಲ."

ತರನ್ನುಮಳ ಕಣ್ಣಲ್ಲಿ ನೀರಿತ್ತು. ಕಾಗದವನ್ನು ಮಡಚಿ ಚೀಲದಲ್ಲಿಟ್ಟಳು. ಎಡಗೈಯಿಂದ ಕಣ್ಣೊರೆಸಿಕೊಂಡು, "ದಾದಿ, ನಾ ಮೊದಲನೇ ವರ್ಷದ ಅರ್ಜಿ ಕೇಳಿ ಬರ್ತೀನಿ," ಎಂದು ಅಜ್ಜಿಗೆ ಹೇಳಿ ಒಳಗೆ ನಡೆದಳು. ಆಗ ಬೋರವ್ವನಿಗೆ ಅಯೂಬನ ನೆನಪಾಯಿತು. ವರ್ಷ ಹಾಳಾದರೆ ಓದು ಸಾಕು ಎಂದವನು ಅವನು.

"ಅಯೂಬನ ಚಿಂತಿ ಬಿಡು," ಎಂದಳು ಅವಸರದಿಂದ, ಗೆಳತಿಯ ತೋಳು ಹಿಡಿದು. "ಈಗ ಟಿಕೋಟಾಕ್ಕ ನಿನ್ನ ಕೂಡ ಬರ್ತೀನಿ. ಅವಗ ನಾ ತಿಳಿಸಿ ಹೇಳ್ತೀನಿ."

ರಾಜಬಿ ಗೆಳತಿಯ ಕೈಯನ್ನು ತನ್ನ ತೋಳಿನಿಂದ ಬಿಡಿಸಿದಳು. ಒರಟಾಗಿ ಅಲ್ಲ, ಆದರೆ ಬಿಡಿಸಿದಳು.

"ನನ್ನ ಮಗನ ಜೋಡಿ ನಾ ಮಾತಾಡ್ತೀನಿ ಬೋರವ್ವಾ," ಎಂದಳು. "ಇವತ್ತ ನೀ ನಿನ್ನ ಮನೀಗೆ ಹೋಗು."